ಸಂಪಿನವರೆಗೆ ಬಾರದ ಓಜೋನ್

ಜೆ.ಪಿ. ನಗರದ ಯಾವ ಅಡ್ಡರಸ್ತೆಗೆ ಹೋದರೂ ದಿನಸಿ ಅಂಗಡಿಯ ಮುಂದೆ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳು ಸಾಲಾಗಿ ನಿಂತಿರುತ್ತವೆ. ಹೆಗಲ ಮೇಲೆ ಹೊತ್ತು ಮೂರನೇ ಮಹಡಿಗೆ ತಲುಪಿಸುವ ಹುಡುಗ ಅದರ ಲೇಬಲ್ ಓದುವುದಿಲ್ಲ, ಬಾಗಿಲು ತೆರೆದು ದುಡ್ಡು ಕೊಡುವವರೂ ಓದುವುದಿಲ್ಲ. ಓದಿದರೆ ಐಎಸ್ಐ ಗುರುತು, ತುಂಬಿದ ದಿನಾಂಕಗಳ ಆಸುಪಾಸಿನಲ್ಲೇ ಸಣ್ಣಕ್ಷರದಲ್ಲಿ ಇನ್ನೊಂದು ಮಾತು ಕಾಣುತ್ತದೆ: ಓಜೋನ್‌ನಿಂದ ಶುದ್ಧೀಕರಿಸಿದ್ದು. ಅದೇ ಮನೆಯ ಅಂಗಳದಡಿಯ ಸಂಪಿಗೆ ವಾರದಲ್ಲಿ ಕೆಲವು ದಿನ ಬಂದು ಬೀಳುವ ಕಾವೇರಿ ನೀರಿನಲ್ಲಿರುವುದು ಮಾತ್ರ ಕ್ಲೋರಿನ್. ಮನೆ ಒಂದೇ, ನೀರು ಎರಡು. ಸ್ನಾನಕ್ಕೆ, ಪಾತ್ರೆಗೆ ಕ್ಲೋರಿನ್ ನೀರು. ಕುಡಿಯಲು ಓಜೋನ್ ನೀರು.

ಹೀಗೆ ಹಂಚಬೇಕೆಂದು ಯಾವ ಎಂಜಿನಿಯರೂ ಕೂತು ನಕ್ಷೆ ಹಾಕಿದ್ದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ ಈ ಎರಡು ಅನಿಲಗಳ ನಡುವೆ ಪೈಪೋಟಿ ನಡೆದಿತ್ತು, ಕ್ಲೋರಿನ್ ಗೆದ್ದಿತ್ತು. ಸೋತ ಓಜೋನ್ ಬಹಳ ತಡವಾಗಿ, ಹಿಂಬಾಗಿಲಿನಿಂದ, ಕ್ಯಾನಿನಲ್ಲಿ ಕೂತು ದಕ್ಷಿಣ ಬೆಂಗಳೂರಿಗೆ ಬಂತು.

ಈ ಎರಡೂ ಬರುವ ಮೊದಲು ನೀರನ್ನು ಶುದ್ಧ ಮಾಡುವ ಕೆಲಸ ಅಡುಗೆಮನೆಯದಾಗಿತ್ತು. ಬಾವಿಯಿಂದ ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಿ ತಾಮ್ರದ ಕೊಡಕ್ಕೆ ತುಂಬುವುದು, ಕದಡಿದ್ದರೆ ಚಿಲ್ಲದ ಬೀಜ ತೇಯ್ದು ಕಲಸಿ ಮಣ್ಣು ಕೆಳಗಿಳಿಯಲು ಬಿಡುವುದು, ಬಾಣಂತಿ ಮಕ್ಕಳಿಗಾದರೆ ಕಾಯಿಸಿ ಆರಿಸುವುದು. ಇವು ಮಣ್ಣನ್ನೂ ಕಸವನ್ನೂ ತೆಗೆಯುತ್ತಿದ್ದವು, ಕಾಯಿಸಿದರೆ ರೋಗಾಣುವನ್ನೂ ಕೊಲ್ಲುತ್ತಿದ್ದವು. ಆದರೆ ಊರಿಗೆ ಊರೇ ಕುಡಿಯುವ ನೀರನ್ನು ಕಾಯಿಸಲು ಸೌದೆ ಎಲ್ಲಿಂದ ತರುವುದು?

ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು 1896ರಲ್ಲಿ. ದಿವಾನ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯನ್ನು ದೊಡ್ಡದು ಮಾಡಿ, ಅಲ್ಲಿಂದ ಸೋಲದೇವನಹಳ್ಳಿಗೆ ನೀರು ಹರಿಸಿ, ಉಗಿಯಂತ್ರದಿಂದ ಎತ್ತಿ ನಗರಕ್ಕೆ ತಂದರು. ಎರಡೇ ವರ್ಷದಲ್ಲಿ, 1898ರಲ್ಲಿ, ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆಳೆಯಲು ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬಡಾವಣೆಗಳು ಎದ್ದವು. ಪ್ಲೇಗು ನೀರಿನಿಂದ ಹರಡುವ ರೋಗವಲ್ಲ, ಇಲಿ ಚಿಗಟದಿಂದ ಹರಡುವುದು. ಆದರೂ ಅಗಲ ರಸ್ತೆ, ಗಾಳಿ, ಬೆಳಕು, ಕೊಳಾಯಿ ಎಂಬ ಹೊಸ ಬಡಾವಣೆಯ ಕಲ್ಪನೆ ಆ ಭಯದಲ್ಲೇ ಬೇರೂರಿತು. ಇಂದಿನ ಜಯನಗರ, ಬನಶಂಕರಿಗಳೆಲ್ಲ ಅದೇ ವಂಶದ ಕುಡಿಗಳು.

ಇದೇ ಹತ್ತು ಹದಿನೈದು ವರ್ಷಗಳಲ್ಲಿ ಯುರೋಪಿನಲ್ಲಿ ಏನು ನಡೆಯುತ್ತಿತ್ತು ಎಂದು ನೋಡಿದರೆ ಕುತೂಹಲ ಹುಟ್ಟುತ್ತದೆ. 1893ರಲ್ಲಿ ನೆದರ್ಲ್ಯಾಂಡ್ಸಿನ ಔಡ್ಸ್‌ಹೋರ್ನ್ ಎಂಬ ಊರಲ್ಲಿ ರೈನ್ ನದಿಯ ನೀರನ್ನು ಸೋಸಿ ಓಜೋನ್ ಹಾಯಿಸಿ ಜನರಿಗೆ ಕೊಟ್ಟರು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್‌ನಲ್ಲಿ ಟೈಫಾಯ್ಡ್ ಎದ್ದಾಗ ಕೊಳವೆಗಳನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆದರು. 1903ರಲ್ಲಿ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ನೆಸ್‌ಫೀಲ್ಡ್ ಎಂಬ ಸೇನಾ ವೈದ್ಯ ಕ್ಲೋರಿನ್ ಅನಿಲದಿಂದಲೇ ಕುಡಿಯುವ ನೀರನ್ನು ನಿರ್ಜೀವಾಣು ಮಾಡಬಹುದೆಂದು ಬರೆದ. ದಂಡಿನ ಸಿಪಾಯಿಗಳು ಗುಂಡಿಗಿಂತ ಹೆಚ್ಚಾಗಿ ಭೇದಿಗೆ ಬಲಿಯಾಗುತ್ತಿದ್ದ ಕಾಲ ಅದು. 1905ರಲ್ಲಿ ಲಿಂಕನ್ ನಗರದ ಟೈಫಾಯ್ಡ್ ಹಾವಳಿಯನ್ನು ತಡೆಯಲು ಅಲೆಕ್ಸಾಂಡರ್ ಹ್ಯೂಸ್ಟನ್ ನಿರಂತರವಾಗಿ ಕ್ಲೋರಿನ್ ಬೆರೆಸಿದ. ಮರುವರ್ಷವೇ ಫ್ರಾನ್ಸಿನ ನೀಸ್ ನಗರ ಓಜೋನ್ ಘಟಕವನ್ನು ಶುರು ಮಾಡಿತು. ಓಜೋನ್ ಬಳಕೆಯ ತವರು ಎಂಬ ಹೆಸರು ಆ ಊರಿಗೆ ಇಂದಿಗೂ ಇದೆ.

ಓಜೋನ್ ಅಂದರೆ ಮೂರು ಪರಮಾಣುಗಳ ಆಮ್ಲಜನಕ. ಮೂರನೆಯದು ನಿಲ್ಲಲಾರದೆ ಸಿಕ್ಕಿದ್ದನ್ನು ಸುಡಲು ಹೊರಡುತ್ತದೆ. ಬ್ಯಾಕ್ಟೀರಿಯಾ ಎದುರಾದರೆ ಅದರ ಹೊರಗೋಡೆ ಒಡೆಯುತ್ತದೆ. 1840ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಗುರುತಿಸಿದ್ದೇ ಮೂಗಿನಿಂದ. ಸಿಡಿಲು ಬಡಿದ ಮೇಲೆ ಬರುವ ಕಟುವಾಸನೆ ಅದು. ಜಯನಗರ ಕಾಂಪ್ಲೆಕ್ಸ್ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಪರೀಕ್ಷೆಯ ದಿನಗಳಲ್ಲಿ ಸಾಲು ನಿಂತವರ ಮೂಗಿಗೂ ಅದು ಪರಿಚಿತವೇ. 1857ರಲ್ಲಿ ವರ್ನರ್ ಫಾನ್ ಸೀಮೆನ್ಸ್ ಇದನ್ನು ತಯಾರಿಸುವ ಉಪಕರಣ ಕಟ್ಟಿದ: ಎರಡು ಗಾಜಿನ ಕೊಳವೆಗಳ ಸಂದಿಯಲ್ಲಿ ಗಾಳಿ ಹಾಯಿಸಿ ಅಧಿಕ ಒತ್ತಡದ ವಿದ್ಯುತ್ತು ಕೊಟ್ಟರೆ ಆಮ್ಲಜನಕದ ಒಂದು ಪಾಲು ಓಜೋನ್ ಆಗುತ್ತದೆ. ಇಂದಿನ ಯಂತ್ರಗಳ ತತ್ವವೂ ಇಷ್ಟೇ.

ಅಂದರೆ ಓಜೋನ್‌ಗೆ ಬೇಕಾದ ಕಚ್ಚಾವಸ್ತು ಗಾಳಿ ಮತ್ತು ಕರೆಂಟು. ಇಲ್ಲೊಂದು ಸೋಜಿಗವಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರ ಆಗಸ್ಟ್ 5ರಂದು ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ನೀಸ್ ನಗರ ಓಜೋನ್ ಶುರುಮಾಡುವುದಕ್ಕೆ ಒಂದು ವರ್ಷ ಮೊದಲೇ ಓಜೋನ್‌ಗೆ ಬೇಕಾದ ಕರೆಂಟು ಬೆಂಗಳೂರಿನಲ್ಲಿತ್ತು. ಕಾವೇರಿಯ ಕರೆಂಟು ಊರಿಗೆ ಬಂದ ಮೇಲೆ ಕಾವೇರಿಯ ನೀರು ಬರಲು ಇನ್ನೂ ಅರವತ್ತೊಂಬತ್ತು ವರ್ಷ ಬೇಕಾಯಿತು.

ಪೈಪೋಟಿಯ ತೀರ್ಪು ಬಂದದ್ದು ಪ್ರಯೋಗಾಲಯದಲ್ಲಲ್ಲ, ಯುದ್ಧದಲ್ಲಿ. 1913ರ ಹೊತ್ತಿಗೆ ಅಮೆರಿಕದಲ್ಲಿ ಸಿಲಿಂಡರಿನ ಕ್ಲೋರಿನ್ನನ್ನು ಅಳೆದು ನೀರಿಗೆ ಬಿಡುವ ಯಂತ್ರ ಸಿದ್ಧವಾಗಿತ್ತು. 1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಅದೇ ಕ್ಲೋರಿನ್ನನ್ನು ಶತ್ರುಗಳ ಕಂದಕಗಳ ಮೇಲೆ ಬಿಟ್ಟರು. ಕೊಲ್ಲಲು ಬೇಕಾದ ಅನಿಲವನ್ನು ರಾಶಿಗಟ್ಟಲೆ ತಯಾರಿಸುವುದನ್ನೂ ಸಾಗಿಸುವುದನ್ನೂ ದೇಶಗಳು ಕಲಿತವು. 1916ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲು ಉಳಿಸಬೇಕಾಗಿ ಬಂದಾಗ ಹ್ಯೂಸ್ಟನ್ ಥೇಮ್ಸ್ ನೀರನ್ನು ಎತ್ತರದ ಜಲಾಶಯಕ್ಕೆ ಪಂಪು ಮಾಡಿ ತಿಂಗಳುಗಟ್ಟಲೆ ತಂಗಿಸುವುದನ್ನು ಬಿಟ್ಟು ನೇರವಾಗಿ ಕ್ಲೋರಿನ್ ಹಾಕಿದ. ಯುದ್ಧ ಮುಗಿಯುವಾಗ ಕ್ಲೋರಿನ್ ಅಗ್ಗದ, ಲಾರಿಯಲ್ಲಿ ಹೇರಿ ಒಯ್ಯಬಹುದಾದ ಸರಕಾಗಿತ್ತು. ಓಜೋನ್ ಹಾಗಲ್ಲ. ಅದನ್ನು ಸಿಲಿಂಡರಿಗೆ ತುಂಬಿಡಲು ಆಗದು. ಎಲ್ಲಿ ಬೇಕೋ ಅಲ್ಲೇ, ಆಗಲೇ ತಯಾರಿಸಬೇಕು. ಯಂತ್ರ ಕೆಟ್ಟ ದಿನ ಶುದ್ಧೀಕರಣವೂ ಇಲ್ಲ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಬಿಟ್ಟರೆ ಮಿಕ್ಕವರು ಅದನ್ನು ಹೆಚ್ಚುಕಮ್ಮಿ ಮರೆತರು.

ಬೆಂಗಳೂರು ಗೆದ್ದವರ ದಾರಿಯಲ್ಲೇ ನಡೆಯಿತು. ಮಲ್ಲೇಶ್ವರದ ಬಳಿ ಜ್ಯುವೆಲ್ ಕಂಪನಿಯ ಸೋಸುಯಂತ್ರಗಳು ಬಂದವು. ಆ ಜಾಗಕ್ಕೆ ಜಲಮಂಡಳಿಯವರ ಬಾಯಲ್ಲಿ ಇಂದಿಗೂ ಸಿ.ಜೆ.ಎಫ್. ಎಂಬ ಹೆಸರೇ ನಿಂತಿದೆ. 1933ರಲ್ಲಿ ಅರ್ಕಾವತಿ, ಕುಮುದ್ವತಿಗಳ ಸಂಗಮದ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. ನಗರ ದಕ್ಷಿಣಕ್ಕೆ ಬೆಳೆಯುತ್ತಲೇ ಇತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಒಂದರ ಬೆನ್ನಿಗೊಂದು ಹುಟ್ಟಿದವು. ಬಿ.ಟಿ.ಎಂ.ನ ಮೂರು ಅಕ್ಷರಗಳ ಹಿಂದಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಕೆರೆಯ ಊರುಗಳೇ. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿಗಳೂ ಅಷ್ಟೇ. ಆದರೆ ಅಲ್ಲಿ ಸೈಟು ಕೊಂಡು ಮನೆ ಕಟ್ಟಿದವರು ಕುಡಿದದ್ದು ಆ ಕೆರೆಗಳ ನೀರನ್ನಲ್ಲ. ಮನೆಗಳ ಕೊಳಚೆ ಕೆರೆಗೆ ಹೋಯಿತು, ಕುಡಿಯುವ ನೀರು ನೂರು ಕಿಲೋಮೀಟರಿನಾಚೆಯಿಂದ ಬಂತು.

1964ರಲ್ಲಿ ಜಲಮಂಡಳಿ ಹುಟ್ಟಿ, 1974ರಲ್ಲಿ ಕಾವೇರಿಯ ಮೊದಲ ಹಂತ ಮುಗಿಯಿತು: ದಿನಕ್ಕೆ 13.5 ಕೋಟಿ ಲೀಟರ್. ಶಿವ ಅಣೆಕಟ್ಟೆಯ ಬಳಿಯಿಂದ ಹೊರಟ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬರುತ್ತದೆ. ಅಲ್ಲಿ ಆಲಂ ಬೆರೆಸಿ ಕೆಸರನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕುತ್ತಾರೆ. ನಂತರ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ ಪಂಪು ಮಾಡಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಕೊನೆಯ ಮೆಟ್ಟಿಲು ಕನಕಪುರ ರಸ್ತೆಯ ತಾತಗುಣಿ. ಹೀಗಾಗಿ ಕಾವೇರಿ ಬೆಂಗಳೂರಿಗೆ ಕಾಲಿಡುವುದು ದಕ್ಷಿಣದ ಬಾಗಿಲಿನಿಂದಲೇ.

ಕಾವೇರಿ ಬಂದ ಆ 1974ರಲ್ಲೇ ಇತ್ತ ಯಾರ ಗಮನಕ್ಕೂ ಬಾರದ ಒಂದು ಸುದ್ದಿ ಹಾಲೆಂಡಿನಿಂದ ಹೊರಟಿತ್ತು. ರಾಟರ್‌ಡ್ಯಾಮ್ ಜಲಕಾರ್ಯಾಲಯದ ರಸಾಯನಶಾಸ್ತ್ರಜ್ಞ ಯೋಹಾನ್ನೆಸ್ ರೂಕ್, ಎಲೆ ಕಸ ಕೊಳೆತ ಅಂಶವಿರುವ ನೀರಿಗೆ ಕ್ಲೋರಿನ್ ಹಾಕಿದರೆ ಕ್ಲೋರೋಫಾರ್ಮ್ ಮತ್ತು ಅದರ ಬಂಧುಗಳು ಹುಟ್ಟುತ್ತವೆ ಎಂದು ತೋರಿಸಿದ. ಟ್ರೈಹ್ಯಾಲೋಮೀಥೇನ್ ಎಂಬ ಈ ಕುಟುಂಬಕ್ಕೂ ಕ್ಯಾನ್ಸರಿಗೂ ನಂಟಿರಬಹುದೆಂಬ ಶಂಕೆ ಎದ್ದಿತು. ಮರೆತುಹೋಗಿದ್ದ ಓಜೋನ್‌ಗೆ ಮತ್ತೆ ಕರೆ ಬಂತು. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಕ್ರಿಪ್ಟೋಸ್ಪೋರಿಡಿಯಮ್ ಎಂಬ ಪರೋಪಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೇ ಬದುಕಿ ಸುಮಾರು ನಾಲ್ಕು ಲಕ್ಷ ಜನರನ್ನು ಮಲಗಿಸಿತು. ಕ್ಲೋರಿನ್‌ಗೆ ಜಗ್ಗದ ಆ ಗಟ್ಟಿಚಿಪ್ಪಿನ ಜೀವಿ ಓಜೋನ್‌ಗೆ ಜಗ್ಗುತ್ತದೆ. ಆ ನಗರ ಕೆಲವೇ ವರ್ಷಗಳಲ್ಲಿ ಓಜೋನ್ ಘಟಕ ಹಾಕಿಸಿಕೊಂಡಿತು. ಆಮ್‌ಸ್ಟರ್‌ಡ್ಯಾಮ್ ಅದಕ್ಕೂ ಮೊದಲೇ, 1983ರಿಂದ, ಕ್ಲೋರಿನ್ನನ್ನು ಪೂರ್ತಿ ಕೈಬಿಟ್ಟಿತ್ತು.

ಹಾಗಾದರೆ ತೊರೆಕಾಡನಹಳ್ಳಿಯಲ್ಲೂ ಕ್ಲೋರಿನ್ ತೆಗೆದು ಓಜೋನ್ ಹಾಕಬಹುದಲ್ಲ? ಈ ಪ್ರಶ್ನೆಗೆ ಉತ್ತರ ತೊರೆಕಾಡನಹಳ್ಳಿಯಲ್ಲಿಲ್ಲ, ಬನಶಂಕರಿಯ ಮನೆಯೊಂದರ ಸಂಪಿನಲ್ಲಿದೆ.

ಗೇಟಿನೊಳಗೆ ಕಾಲಿಟ್ಟರೆ ನೆಲದಲ್ಲಿ ಎರಡಡಿ ಚೌಕದ ಕಬ್ಬಿಣದ ಮುಚ್ಚಳ. ಅಂಚು ತುಕ್ಕು ಹಿಡಿದಿದೆ, ಮೇಲೆ ಸ್ಕೂಟರ್ ನಿಂತಿದೆ. ಮುಚ್ಚಳ ಎತ್ತಿದರೆ ಸಿಮೆಂಟಿನ ತೊಟ್ಟಿ, ಗೋಡೆಗೆ ಜಾರುವ ಪಾಚಿ, ತಳದಲ್ಲಿ ಬೆರಳಷ್ಟು ಕೆಸರು. ವಾಲ್ವ್‌ಮನ್ ಬೀದಿಯ ತುದಿಯಲ್ಲಿ ಕೀಲಿ ತಿರುಗಿಸಿದಾಗ ಕೊಳವೆಯಿಂದ ಮೊದಲು ಗಾಳಿ ಬುಸ್ಸೆನ್ನುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಆ ನೀರು ಎರಡು ಮೂರು ದಿನ ಅಲ್ಲೇ ನಿಲ್ಲುತ್ತದೆ. ಕಾವೇರಿ ಸಾಲದಿದ್ದರೆ ಅದರ ಮೇಲೆಯೇ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೀಳುತ್ತದೆ. ಅಲ್ಲಿಂದ ಮೋಟರ್ ಹಾಕಿ ಮಾಳಿಗೆಯ ಸಿಂಟೆಕ್ಸಿಗೆ. ಅಲ್ಲಿ ಬಿಸಿಲು.

ಓಜೋನ್ ಇಷ್ಟು ದಿನ ಬದುಕುವುದಿಲ್ಲ. ಇಪ್ಪತ್ತು ಡಿಗ್ರಿಯ ನೀರಿನಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕೆ ಅದರ ಅರ್ಧ ಕರಗಿ ಮಾಮೂಲಿ ಆಮ್ಲಜನಕವಾಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ತೊರೆಕಾಡನಹಳ್ಳಿಯಲ್ಲಿ ಹಾಕಿದ ಓಜೋನ್ ಹಾರೋಹಳ್ಳಿಯನ್ನೂ ದಾಟಲಾರದು. ಮೇಲಾಗಿ ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಹಾದುಹೋಗುವ ಒಳಚರಂಡಿ ಸೋರುತ್ತಿದ್ದರೆ ಬಿರುಕುಗಳಿಂದ ಆ ಕೊಳೆ ಒಳನುಗ್ಗುತ್ತದೆ. ಅದನ್ನು ಎದುರಿಸಲು ಕೊಳವೆಯೊಳಗೆ ಯಾರಾದರೂ ಕಾವಲಿರಬೇಕು. ಕ್ಲೋರಿನ್ ಆ ಕೆಲಸ ಮಾಡುತ್ತದೆ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತಾ ಬರುತ್ತದೆ. ನಗರದೊಳಗಿನ ಜಲಾಗಾರಗಳಲ್ಲಿ ಮತ್ತೊಮ್ಮೆ ಹಾಕಿ ಸರಿದೂಗಿಸಬಹುದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮ್ ಉಳಿಕೆ ಕ್ಲೋರಿನ್ ಕೇಳುವುದು ಇದಕ್ಕೇ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕ್ಲೋರಿನ್ ಇಲ್ಲದೆ ನಡೆಯುತ್ತದೆ, ನಿಜ. ಅಲ್ಲಿ ಕೊಳವೆ ಸೋರುವುದು ತೀರಾ ಕಡಿಮೆ, ನೀರು ಇಪ್ಪತ್ತನಾಲ್ಕು ಗಂಟೆಯೂ ಒತ್ತಡದಲ್ಲಿರುತ್ತದೆ, ಮನೆಗೊಂದು ಸಂಪು ಎಂಬುದು ಅವರಿಗೆ ಗೊತ್ತೇ ಇಲ್ಲ.

ಓಜೋನ್ ದಕ್ಷಿಣ ಬೆಂಗಳೂರಿಗೆ ಬಂದದ್ದು ಜಲಮಂಡಳಿಯ ಮೇಲಿನ ಅಪನಂಬಿಕೆಯ ಬೆನ್ನೇರಿ. ಮೊದಲು ಕೊಳಾಯಿಯ ಬಾಯಿಗೆ ಬಟ್ಟೆ ಕಟ್ಟಿದರು, ಆಮೇಲೆ ಮೇಣದಬತ್ತಿಯಾಕಾರದ ಕ್ಯಾಂಡಲ್ ಫಿಲ್ಟರ್ ತಂದರು. 1984ರಲ್ಲಿ ಅಕ್ವಾಗಾರ್ಡ್ ಬಂತು. ಟೈ ಕಟ್ಟಿದ ಮಾರಾಟಗಾರ ಮನೆಮನೆಯ ಕರೆಗಂಟೆ ಒತ್ತಿ ನೇರಳಾತೀತ ಕಿರಣದ ಪಾಠ ಹೇಳಿದ. ಅತ್ತ 1965ರಲ್ಲಿ ಮುಂಬಯಿಗೆ ಬಂದು 1969ರಲ್ಲಿ ಪಾರ್ಲೆಯ ಕೈಸೇರಿದ್ದ ಬಿಸ್ಲೇರಿ ತೊಂಬತ್ತರ ದಶಕದಲ್ಲಿ ಬಸ್‌ಸ್ಟಾಂಡಿನ ಮಾತಾಯಿತು. 'ಒಂದು ಬಿಸ್ಲೇರಿ ಕೊಡಿ' ಎಂದರೆ ಅಂಗಡಿಯವನು ಯಾವ ಕಂಪನಿಯದನ್ನಾದರೂ ಕೊಡುತ್ತಿದ್ದ. 2001ರಲ್ಲಿ ಕೇಂದ್ರ ಸರ್ಕಾರ ಬಾಟಲಿ ನೀರಿಗೆ ಐಎಸ್ಐ ಗುರುತು ಕಡ್ಡಾಯ ಮಾಡಿತು. ಐಟಿ ಕೆಲಸಕ್ಕೆ ಬಂದು ಬಿ.ಟಿ.ಎಂ.ನ ಪಿ.ಜಿ.ಗಳಲ್ಲಿ ತಂಗಿದ ಹುಡುಗ ಹುಡುಗಿಯರಿಗೆ ಕ್ಯಾನೇ ಕೊಳಾಯಿಯಾಯಿತು.

ಕ್ಯಾನ್ ತುಂಬುವ ಘಟಕದಲ್ಲಿ ನಡೆಯುವುದಿಷ್ಟು. ಬೋರ್‌ವೆಲ್ ನೀರನ್ನು ಮರಳು, ಇದ್ದಿಲುಗಳಲ್ಲಿ ಸೋಸಿ, ಆರ್‌ಒ ಪೊರೆಯ ಮೂಲಕ ಒತ್ತಿ ಲವಣ ತೆಗೆದು, ನೇರಳಾತೀತ ದೀಪದ ಮುಂದೆ ಹಾಯಿಸುತ್ತಾರೆ. ತುಂಬುವ ಮುನ್ನ ಕೊನೆಯದಾಗಿ ಓಜೋನ್. ಬಾಟಲಿ ಉದ್ಯಮದ ವಾಡಿಕೆಯಂತೆ ಮುಚ್ಚಳ ಬೀಳುವಾಗ ಲೀಟರಿಗೆ 0.2ರಿಂದ 0.4 ಮಿಲಿಗ್ರಾಮಿನಷ್ಟು ಓಜೋನ್ ಉಳಿದಿದ್ದರೆ ಸಾಕು. ಅದು ನೀರಿನ ಜೊತೆಗೆ ಬಾಟಲಿಯ ಒಳಮೈಯನ್ನೂ ಮುಚ್ಚಳವನ್ನೂ ಸೋಂಕುಮುಕ್ತ ಮಾಡಿ ಗ್ರಾಹಕನ ಕೈಸೇರುವ ಮೊದಲೇ ಆಮ್ಲಜನಕವಾಗುತ್ತದೆ. ವಾಸನೆಯಿಲ್ಲ, ರುಚಿಯಿಲ್ಲ. ಬೇಗ ಸಾಯುವುದೇ ಕೊಳವೆಯಲ್ಲಿ ಓಜೋನ್‌ನ ದೋಷ, ಮುಚ್ಚಿದ ಕ್ಯಾನಿನಲ್ಲಿ ಅದೇ ಗುಣ.

ಹಾಗೆಂದು ಓಜೋನ್ ನಿರಪಾಯವೇನಲ್ಲ. ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಜೋನ್ ಅದನ್ನು ಬ್ರೋಮೇಟ್ ಮಾಡುತ್ತದೆ, ಅದೂ ಕ್ಯಾನ್ಸರಿನ ಶಂಕಿತರ ಪಟ್ಟಿಯಲ್ಲಿದೆ. 2004ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಕೋಕಾ-ಕೋಲಾ ತನ್ನ ಡಸಾನಿ ನೀರಿನ ಸುಮಾರು ಐದು ಲಕ್ಷ ಬಾಟಲಿಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆದದ್ದು ಇದೇ ಕಾರಣಕ್ಕೆ. ಅವರು ನೀರಿಗೆ ಬೆರೆಸಿದ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಬ್ರೋಮೈಡ್ ಇತ್ತು, ಓಜೋನ್ ತನ್ನ ಕೆಲಸ ಮಾಡಿತ್ತು. ಕ್ಲೋರಿನ್ ಬೇಡವೆಂದು ಓಜೋನ್ ನೀರು ಹುಡುಕುವವರು ಇದನ್ನು ನೆನಪಿಟ್ಟರೆ ಒಳ್ಳೆಯದು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬಕೆಟ್ಟಿನ ಅಂಚಿನಲ್ಲಿ, ಗೀಸರಿನೊಳಗೆ ಬಿಳಿ ಪದರ ಕಟ್ಟಿಸುವ ಬೋರ್ ನೀರಿನ ಗಡಸುತನವನ್ನಾಗಲಿ, ಅದರಲ್ಲಿರಬಹುದಾದ ನೈಟ್ರೇಟನ್ನಾಗಲಿ ಓಜೋನ್ ತೆಗೆಯುವುದಿಲ್ಲ. ಕ್ಯಾನಿನಲ್ಲಿ ಅದನ್ನು ತೆಗೆಯುವುದು ಆರ್‌ಒ.

ಈಜುಕೊಳದ ಮಾತೂ ಇಲ್ಲೇ ಒಂದಿಷ್ಟು. ಕಣ್ಣುರಿಸುವ ಆ ಕೊಳದ ವಾಸನೆಗೆ ಜನ ಕ್ಲೋರಿನ್ನನ್ನು ಬೈಯುತ್ತಾರೆ. ಅದು ಕ್ಲೋರಿನ್ ಒಂದರದೇ ವಾಸನೆಯಲ್ಲ, ಈಜುವವರ ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನಿನದು. ಕೊಳಕ್ಕೆ ಇಳಿಯುವ ಮುಂಚೆ ಎಲ್ಲರೂ ಮೈ ತೊಳೆದುಕೊಂಡರೆ ಅರ್ಧ ದೂರು ಕಮ್ಮಿಯಾದೀತು. ಓಜೋನ್ ಅಳವಡಿಸಿದ ಕೊಳಗಳಲ್ಲೂ ಸ್ವಲ್ಪ ಕ್ಲೋರಿನ್ ಇರಲೇಬೇಕು, ಏಕೆಂದರೆ ಈಜುವವರು ಕೊಳಕ್ಕೆ ಇಳಿಯುವುದು ಓಜೋನ್ ಸತ್ತ ಮೇಲೆ.

2024ರ ಅಕ್ಟೋಬರ್ 16ರಂದು ಕಾವೇರಿಯ ಐದನೇ ಹಂತ ಉದ್ಘಾಟನೆಯಾಯಿತು: ದಿನಕ್ಕೆ ಇನ್ನೂ 77.5 ಕೋಟಿ ಲೀಟರ್, ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ನೀರು ಹೆಚ್ಚಿತು, ನೂರು ಕಿಲೋಮೀಟರಿನ ದಾರಿ ಕುಗ್ಗಲಿಲ್ಲ, ಸಂಪುಗಳೂ ಮುಚ್ಚಲಿಲ್ಲ. ಓಜೋನ್‌ಗೆ ಸರಿಯಾದ ಜಾಗ ಶುದ್ಧೀಕರಣ ಘಟಕದ ಒಳಗೆ, ಕ್ಲೋರಿನ್‌ಗೆ ಮುಂಚೆ. ಅಲ್ಲಿ ಅದು ಸಾವಯವ ಅಂಶವನ್ನು ಮೊದಲೇ ಒಡೆದರೆ ಕ್ಲೋರಿನ್ ಕಮ್ಮಿ ಸಾಕು, ರೂಕ್ ಕಂಡ ವಿಷಗಳೂ ಕಮ್ಮಿ. ಆದರೆ ಕ್ಲೋರಿನ್ ಬದಲಿಗೆ ಓಜೋನ್ ಎಂಬುದು, ದಿನವಿಡೀ ನೀರು ಬಾರದ ಊರಿಗೆ ಒಗ್ಗುವ ಮಾತಲ್ಲ.

ದಿನವಿಡೀ ನೀರು ಬರುವವರೆಗೆ ಸಂಪಿನ ಯಜಮಾನರು ಮಾಡಬಹುದಾದದ್ದು ಒಂದಿದೆ. ವರ್ಷಕ್ಕೆರಡು ಬಾರಿಯಾದರೂ ಸಂಪು ತೊಳೆಸಿ, ಮುಚ್ಚಳ ಬಿಗಿಯಾಗಿದೆಯೇ ನೋಡಿ. ಟ್ಯಾಂಕರ್ ನೀರು ಹಾಕಿಸಿದ ದಿನ ಸಾವಿರ ಲೀಟರಿಗೆ ಎರಡೂವರೆ ಗ್ರಾಮಿನ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಒಂದು ಗಂಟೆ ಬಿಡಿ. ಹತ್ತು ಸಾವಿರ ಲೀಟರಿನ ಸಂಪಿಗೆ ಇಪ್ಪತ್ತೈದು ಗ್ರಾಮ್ ಆಯಿತು. ಪುಡಿ ಹೊಸದಿರಲಿ, ಡಬ್ಬಿಯ ಬಾಯಿ ಗಟ್ಟಿಯಾಗಿ ಮುಚ್ಚಿರಲಿ. ತೇವ ತಗುಲಿದ ಬ್ಲೀಚಿಂಗ್ ಪೌಡರಿನಲ್ಲಿ ಉಳಿಯುವುದು ಬರೀ ಸುಣ್ಣ.